ಏರಿದ್ದು ಇಳಿಯಬೇಕಲ್ಲ!

ಎತ್ತುವವರಿಗೆ ಬಹುಮಾನ ಕೊಡುವುದರಲ್ಲಿ ನಮ್ಮ ಸೀಮೆ ಎಂದೂ ಜಿಪುಣತನ ತೋರಿಸಿಲ್ಲ. ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ಹಬ್ಬ ಬಂತೆಂದರೆ ಜೋಳದ ಚೀಲ ಎತ್ತುವ ಪಂದ್ಯ. ಎತ್ತಿದವನ ತಲೆಗೆ ರುಮಾಲು, ಕೊರಳಿಗೆ ಹಾರ, ಮೇಲೊಂದು ಬೆಳ್ಳಿ ಕಡಗ. ಅವನು ಕಲ್ಲನ್ನು ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ ಮುಗಿಯಿತು. ಅದು ಧಡಲ್ಲನೆ ಬಿದ್ದ ಸಪ್ಪಳಕ್ಕೂ ಸಿಳ್ಳೆ ಬೀಳುತ್ತದೆ. ಅದೇ ಕಲ್ಲನ್ನು ಸಾವಕಾಶವಾಗಿ ಹೆಗಲಿನಿಂದ ಎದೆಗೆ, ಎದೆಯಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಇಳಿಸಿದವನಿಗೆ ಒಂದು ತೆಂಗಿನಕಾಯಿಯನ್ನಾದರೂ ಕೊಟ್ಟದ್ದನ್ನು ನಾನು ನೋಡಿಲ್ಲ. ಎತ್ತುವವನು ಪೈಲ್ವಾನ, ಇಳಿಸುವವನು ಹಮಾಲ. ಲೋಕ ಈ ಲೆಕ್ಕದಲ್ಲೇ ನಡೆದಿದೆ. ಯಂತ್ರಗಳ ಮಟ್ಟಿಗೆ ಈ ಲೆಕ್ಕ ತಿರುಗುಮುರುಗು ಎಂಬುದು ನನ್ನ ವಾದ. ಸಾಕ್ಷಿಗೆ ಒಂದು ರೋಬಾಟನ್ನೂ, ಒಂದು ಹಳೆಯ ಬಾವಿಯನ್ನೂ, ಎರಡು ಅಣೆಕಟ್ಟುಗಳನ್ನೂ ಕರೆಯುವವನಿದ್ದೇನೆ. ನಡುವೆ ಯಾರಾದರೂ ಚಹಾಕ್ಕೆ ಎದ್ದು ಹೋದರೆ ಬೇಸರವಿಲ್ಲ. ಬರುವಾಗ ನನಗೂ ಒಂದು ಕಪ್ಪು ತಂದರೆ ಆಯಿತು.

ರೋಬಾಟು ನಮ್ಮ ಹುಣಸಗಿಗೆ ಬಂದದ್ದು 2023ರ ಸಂಕ್ರಾಂತಿಗೆ. ಪೂರ್ತಿ ರೋಬಾಟಲ್ಲ, ಅದರ ಲಿಫ್ಟು ಮಾತ್ರ. ಬೆಂಗಳೂರಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದ ನಮ್ಮಣ್ಣನ ಮಗಳು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಯಾದಗಿರಿವರೆಗೆ ರೈಲಿನಲ್ಲಿ ತೊಡೆಯ ಮೇಲೆ, ಅಲ್ಲಿಂದ ಶಹಾಪುರ, ಸುರಪುರ ಹಾದು ಬರುವ ಬಸ್ಸಿನಲ್ಲಿ ಎದೆಗವಚಿಕೊಂಡು ತಂದಿದ್ದಳು. ಬಟ್ಟೆಯ ಚೀಲ ಮಾತ್ರ ಬಸ್ಸಿನ ತಲೆಯ ಮೇಲೆ ಅನಾಥವಾಗಿ ಬಂತು. ಊರು ಆಗ ಬೇರೆಯದೇ ಗದ್ದಲದಲ್ಲಿತ್ತು. ಜನವರಿ 19ಕ್ಕೆ ನಮ್ಮ ತಾಲ್ಲೂಕಿನ ಕೊಡೇಕಲ್ಲಿಗೆ ಪ್ರಧಾನಿ ನರೇಂದ್ರ ಮೋದಿ ಬರುವವರಿದ್ದರು. ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಎಂಬ ಉದ್ದ ಹೆಸರಿನ, ಸುಮಾರು 4,700 ಕೋಟಿ ರೂಪಾಯಿಯ ಕಾಮಗಾರಿಯ ಉದ್ಘಾಟನೆ ಇತ್ತು. ಚಹಾದಂಗಡಿಯಲ್ಲಿ ಹೆಲಿಕಾಪ್ಟರು ಎಷ್ಟು ಬರುತ್ತವೆ ಎಂಬ ಚರ್ಚೆ. ನಮ್ಮ ಮನೆಯ ಕಟ್ಟೆಯ ಮೇಲೆ ಲಿಫ್ಟು ಎಷ್ಟು ಏರುತ್ತದೆ ಎಂಬ ಚರ್ಚೆ.

ಆ ರೋಬಾಟು ಆಡಬೇಕಿದ್ದ ಪಂದ್ಯದ ಹೆಸರು ಫಸ್ಟ್ ಟೆಕ್ ಚಾಲೆಂಜ್. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ಕಟ್ಟಿದ ‘ಫಸ್ಟ್’ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಆಡುವವರು 12ರಿಂದ 18 ವರ್ಷದ ಹುಡುಗ ಹುಡುಗಿಯರು. ಪ್ರತಿ ವರ್ಷ ಆಟ ಬದಲಾಗುತ್ತದೆ. 2022-23ರ ಆಟಕ್ಕೆ ‘ಪವರ್ ಪ್ಲೇ’ ಎಂದು ಹೆಸರು. 12 ಅಡಿಗೆ 12 ಅಡಿ ಅಂಗಳ, ಅದರ ತುಂಬ ಬೇರೆ ಬೇರೆ ಎತ್ತರದ ಕಂಬಗಳು. ಪ್ಲಾಸ್ಟಿಕ್ಕಿನ ಕೋನುಗಳನ್ನು ರೋಬಾಟು ನೆಲದಿಂದ ಎತ್ತಿ ಕಂಬದ ತಲೆಗೆ ತೊಡಿಸಬೇಕು. 13.5 ಇಂಚಿನ ಗಿಡ್ಡ ಕಂಬಕ್ಕೆ 3 ಅಂಕ, 23.5 ಇಂಚಿನದಕ್ಕೆ 4, 33.5 ಇಂಚಿನ ಉದ್ದ ಕಂಬಕ್ಕೆ 5. ಆಟ ಎರಡೂವರೆ ನಿಮಿಷ. ಅದರಲ್ಲಿ ಮೊದಲ 30 ಸೆಕೆಂಡು ರೋಬಾಟು ತನ್ನ ಬುದ್ಧಿಯಿಂದಲೇ ಓಡಾಡಬೇಕು, ಉಳಿದ 2 ನಿಮಿಷ ಮಕ್ಕಳು ರಿಮೋಟು ಹಿಡಿದು ಆಡಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಆಟ ಶುರುವಾಗುವಾಗ ರೋಬಾಟು 18 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರದೊಳಗೆ ಮುದುಡಿ ಕೂತಿರಬೇಕು. ಗಂಟೆ ಬಾರಿಸಿದ ಮೇಲೆ ಎಷ್ಟು ಬೇಕಾದರೂ ಬೆಳೆಯಬಹುದು.

ಇಷ್ಟನ್ನೆಲ್ಲ ಕೇಳಿಸಿಕೊಂಡ ನಮ್ಮ ತಾಯಿ, ಅಂದರೆ ಅವಳ ಆಯಿ, ಅವರೆಕಾಯಿ ಸುಲಿಯುತ್ತಲೇ ಕೇಳಿದಳು: “ಅಲ್ಲಬೇ, ಮೂರು ಅಂಕದ ಕಂಬ ಕೈಗೆ ಎಟಕತದಲ್ಲ, ಐದರ ಆಸೆಗೆ ಯಾಕ ಬೀಳ್ತಿ?” ಈ ಪ್ರಶ್ನೆಯನ್ನು ಪಕ್ಕಕ್ಕಿಡಿ, ಮುಂದೆ ಬೇಕಾಗುತ್ತದೆ. ಮುದುಕರ ಪ್ರಶ್ನೆಗಳು ಕೆಡುವುದಿಲ್ಲ.

ಮುದುಡಿದ್ದನ್ನು ಎತ್ತರಕ್ಕೆ ಬೆಳೆಸಲು ದಾರಿಗಳು ನಾಲ್ಕಾರಿವೆ. ಎಲ್ಲರಿಗೂ ಮೊದಲು ಹೊಳೆಯುವುದು ಕತ್ತರಿ ಲಿಫ್ಟು: ಅಡ್ಡಡ್ಡ ಪಟ್ಟಿಗಳನ್ನು ಕೀಲು ಹಾಕಿ ಜೋಡಿಸಿದ್ದು. ಮುಚ್ಚಿದಾಗ ಚಪ್ಪಟೆ, ತೆರೆದಾಗ ಮಾಳಿಗೆಯೆತ್ತರ, ನೋಡಲು ಚೆಂದ. ಆದರೆ ಪಟ್ಟಿಗಳು ಮಲಗಿದ್ದಾಗ ಅವನ್ನು ಮೊದಲ ಇಂಚು ಏಳಿಸಲು ಬೇಕಾಗುವ ಬಲ, ಕೊನೆಯ ಇಂಚಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇಲಾಗಿ ಒಂದೊಂದು ಕೀಲಿನಲ್ಲೂ ಒಂದು ಎಳ್ಳಷ್ಟು ಸಡಿಲವಿದ್ದರೂ ಎಲ್ಲ ಸೇರಿ ತುದಿಯಲ್ಲಿ ಗೇಣುದ್ದ ಓಲಾಟ. ಎರಡನೆಯದು ತೋಳು, ಜೇಸೀಬಿಯ ಚಿಕ್ಕ ತಮ್ಮ. ಸುಲಭ, ಗಟ್ಟಿ, ಆದರೆ ತೋಳು ಮುಂದೆ ಚಾಚಿದಷ್ಟೂ ಬುಡದ ಮೋಟಾರಿನ ಮೇಲೆ ತಿರುಚುಬಲ ಏರುತ್ತದೆ, ರೋಬಾಟು ಮುಗ್ಗರಿಸುತ್ತದೆ. ಮೂರನೆಯದು ಒಂದರೊಳಗೊಂದು ಜಾರುವ ಚಾನಲುಗಳ ಲಿಫ್ಟು. ಇಂಥ ಪಂದ್ಯಗಳಲ್ಲಿ ಬಹಳಷ್ಟು ಮಕ್ಕಳು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಅವಳು ತಂದದ್ದೂ ಅದೇ.

ಅದನ್ನು ನೋಡಿ ಓಣಿಯ ಬಡಗಿ ಬಿದ್ದು ಬಿದ್ದು ನಕ್ಕ. “ಇದು ಟೇಬಲ್ಲಿನ ಡ್ರಾಯರ್ ಚಾನಲ್ ಅಲ್ಲೇನ್ರಿ! ಅಡ್ಡ ಇರೋದನ್ನ ನಿಂದರಿಸೀರಿ, ಅಷ್ಟ!” ನಿಜ. ಡ್ರಾಯರು ಎಳೆದಾಗ ಹೊರಬರುವ, ನಡುವೆ ಗುಂಡುಗಳಿರುವ ಆ ಉಕ್ಕಿನ ಪಟ್ಟಿಗಳನ್ನೇ ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ಬೆಸೆದು, ದಾರದಿಂದ ಎಳೆದರೆ ಲಿಫ್ಟಾಯಿತು. ದಾರವೂ ವಿಶೇಷದ್ದೇನಲ್ಲ, ಮೀನಿನ ಗಾಳಕ್ಕೆ ಕಟ್ಟುವ ಹೆಣಿಗೆಯ ದಾರ. ಎಳೆದರೆ ಹಿಗ್ಗಬಾರದು, ಅಷ್ಟೇ ಷರತ್ತು.

ದಾರ ಪೋಣಿಸುವುದರಲ್ಲಿ ಎರಡು ಪಂಥಗಳಿವೆ. ಶೈವ-ವೈಷ್ಣವರ ನಡುವೆಯೂ ಇಷ್ಟು ವಾದ ನಡೆದಿರಲಿಕ್ಕಿಲ್ಲ. ಒಂದು ಪಂಥದಲ್ಲಿ ಒಂದೇ ದಾರ ಎಲ್ಲ ಮೆಟ್ಟಿಲುಗಳ, ಅಂದರೆ ಒಂದರೊಳಗೊಂದು ಜಾರುವ ಚಾನಲುಗಳ, ರಾಟಿಗಳನ್ನು ಮೇಲೆ ಕೆಳಗೆ ಹಾದು ಬರುತ್ತದೆ. ಮೋಟಾರು ಸುತ್ತಿದಾಗ ಯಾವ ಮೆಟ್ಟಿಲಿಗೆ ತಿಕ್ಕಾಟ ಕಡಿಮೆಯೋ ಅದು ಮೊದಲು ಏಳುತ್ತದೆ, ಉಳಿದವು ಸರದಿಗೆ ಕಾಯುತ್ತವೆ. ಮೋಟಾರಿಗೆ ಭಾರ ಕಡಿಮೆ, ಆದರೆ ಉದ್ದುದ್ದ ದಾರ ಸುತ್ತಬೇಕು. ಇನ್ನೊಂದು ಪಂಥದಲ್ಲಿ ಮೋಟಾರು ಮೊದಲ ಮೆಟ್ಟಿಲನ್ನು ಮಾತ್ರ ಎಳೆಯುತ್ತದೆ. ಮೊದಲನೆಯದು ಏಳುತ್ತ ಎರಡನೆಯದನ್ನು ಎಳೆಯುತ್ತದೆ, ಎರಡನೆಯದು ಮೂರನೆಯದನ್ನು. ಮೂರು ಮೆಟ್ಟಿಲಿದ್ದರೆ ಮೋಟಾರಿನ ದಾರ ಒಂದು ಗೇಣು ಸುತ್ತುವಷ್ಟರಲ್ಲಿ ತುದಿ ಮೂರು ಗೇಣು ಏರಿರುತ್ತದೆ. ಪುಕ್ಕಟೆ ಏನೂ ಇಲ್ಲ. ಆ ಮೊದಲ ದಾರದ ಮೇಲೆ ಬೀಳುವ ಎಳೆತವೂ ಮೂರು ಪಟ್ಟು. ವೇಗ ಬೇಕೆಂದರೆ ಬಲ ತೆರು, ಬಲ ಉಳಿಸಿದರೆ ವೇಗ ಬಿಡು. ನಿಸರ್ಗದ ಈ ಅಂಗಡಿಯಲ್ಲಿ ಉದ್ರಿ ನಡೆಯುವುದಿಲ್ಲ.

ಅವಳದು ಒಂದೇ ದಾರದ ಪಂಥ. ಬಟನ್ನು ಒತ್ತಿದಳು, ಲಿಫ್ಟು ಸರಸರನೆ ಏರಿತು. ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇಳಿಸಲು ಇನ್ನೊಂದು ಬಟನ್ನು ಒತ್ತಿದಳು. ಮೋಟಾರು ದಾರ ಬಿಟ್ಟಿತು, ಲಿಫ್ಟು ಅರ್ಧ ಇಳಿದು, ಹಠ ಹಿಡಿದ ಮಗುವಿನ ಹಾಗೆ ಅಲ್ಲೇ ನಿಂತಿತು. ಬಿಟ್ಟ ದಾರ ಸಡಿಲಾಗಿ ಸುತ್ತುಗಾಲಿಯಿಂದ ಜಾರಿ ಗಂಟಾಯಿತು. ಬೆಂಗಳೂರಿನಿಂದ ಅವಳು ಹೊತ್ತು ತಂದದ್ದು ಈ ಗಂಟನ್ನೇ.

ಆಗ ಮುಂದೆ ಬಂದವನು ಟ್ರ್ಯಾಕ್ಟರ್ ಮೆಕ್ಯಾನಿಕ್. ಕೈಯ ಗ್ರೀಸನ್ನು ಲುಂಗಿಗೆ ಒರೆಸಿ, ಲಿಫ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: “ಏರಾಕ ದಾರ ಕಟ್ಟೀರಿ. ಇಳಿಯಾಕ ಯಾರನ್ನ ನಂಬೀರಿ?”

“ಇಳಿಯೋಕೆ ಗ್ರಾವಿಟಿ ಇದೆಯಲ್ಲ ಅಂಕಲ್.”

“ಗ್ರಾವಿಟಿ ನಿಮ್ಮ ಟೀಮಿನಾಗ ಅದ ಏನವ್ವ? ಹೆಸರು ಬರಸೀರೇನು?”

ಅವನ ಮಾತಿನಲ್ಲಿ ಮರ್ಮವಿತ್ತು. ಗುರುತ್ವ ಎಲ್ಲವನ್ನೂ ಕೆಳಗೆ ಎಳೆಯುತ್ತದೆ, ಒಪ್ಪಿಕೊಳ್ಳೋಣ. ಆದರೆ ಚಾನಲಿನ ತಿಕ್ಕಾಟ, ಸ್ವಲ್ಪ ಸೊಟ್ಟಗಾದ ಜೋಡಣೆ, ಒಂದು ಕಣ ಮಣ್ಣು, ಇವೆಲ್ಲ ಸೇರಿ ಅರ್ಧ ಕೆ.ಜಿ. ತೂಗದ ಹಗುರ ಮೆಟ್ಟಿಲನ್ನು ಹಿಡಿದು ನಿಲ್ಲಿಸಲು ಸಾಕು. ಮೇಲೆ ಎಳೆಯಲು ಒಂದು ದಾರವಿದ್ದರೆ ಕೆಳಗೆ ಎಳೆಯಲು ಇನ್ನೊಂದು ಬೇಕು. ಅದೇ ಮೋಟಾರಿನ ಸುತ್ತುಗಾಲಿಗೆ ಎದುರು ದಿಕ್ಕಿನಲ್ಲಿ ಸುತ್ತಿರಬೇಕು. ಒಂದು ಸುತ್ತಿಕೊಳ್ಳುವಷ್ಟೇ ಇನ್ನೊಂದು ಬಿಚ್ಚಿಕೊಳ್ಳಬೇಕು. ಆಗ ಯಾವ ದಾರವೂ ಸಡಿಲಾಗುವುದಿಲ್ಲ. ಅವನು ತನ್ನ ಕಸುಬಿನ ದೃಷ್ಟಾಂತವನ್ನೇ ಕೊಟ್ಟ. ಟ್ರ್ಯಾಕ್ಟರಿನ ಹಿಂದೆ ನೇಗಿಲು, ರೆಂಟೆ ಎತ್ತುವ ಹೈಡ್ರಾಲಿಕ್ ಇದೆಯಲ್ಲ, ಅದರ ಮೂಲಪುರುಷ ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರಲ್ಲಿ ಫೋರ್ಡ್ ಕಂಪನಿಯ ಜೊತೆ ಸೇರಿ ಅವನು ತಂದ ಟ್ರ್ಯಾಕ್ಟರಿನಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಈ ಹೆಸರು, ಇಸವಿ ನನ್ನ ಸೇರ್ಪಡೆ, ಮೆಕ್ಯಾನಿಕ್ ಹೇಳಿದ್ದಿಷ್ಟೇ: “ಎತ್ತೋದು ಪಂಪು. ಇಳಿಸೋದು ವಾಲ್ವು. ನನ್ನ ಹತ್ರ ರಿಪೇರಿಗೆ ಬರೋದು ಬರೇ ವಾಲ್ವಿನ ತಕರಾರು.”

ಎರಡು ದಾರದ ಮಾತು ಬಂದದ್ದೇ ತಡ, ಪಕ್ಕದ ಮನೆಯ ಮುತ್ಯಾ ಕೋಲೂರಿ ಎದ್ದು ಕೂತ. “ಇದು ಕಪಲಿ ಅಲ್ಲೇನೋ!” ಅಂದ. ಕಾಲುವೆ ಬರುವ ಮೊದಲು ಈ ಭಾಗದ ಹೊಲ ಕುಡಿದ ಬಾವಿ ನೀರು ಕಪಲಿಯದು. ಬಾವಿಯ ದಂಡೆಯಿಂದ ಒಂದು ಇಳಿಜಾರು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು; ಹೊಡೆಯುವವನು ಹಗ್ಗದ ಮೇಲೆಯೇ ಕೂತು ತನ್ನ ತೂಕವನ್ನೂ ಸೇರಿಸುತ್ತಿದ್ದ. ಅದಕ್ಕೂ ಎರಡು ಹಗ್ಗ. ದಪ್ಪನೆಯದು ಚೀಲವನ್ನು ಎತ್ತಲು, ತೆಳ್ಳನೆಯದು ಚೀಲದ ಸೊಂಡಿಲನ್ನು ಮಡಿಸಿ ಹಿಡಿಯಲು. ದಂಡೆಗೆ ಬಂದಾಗ ತೆಳು ಹಗ್ಗ ಕೆಳಗಿನ ರಾಟಿಯ ಮೇಲೆ ಹಾದು ಸೊಂಡಿಲನ್ನು ಹೊರಗೆ ಎಳೆಯುತ್ತಿತ್ತು, ನೀರು ತಾನಾಗಿ ದೋಣಿಗೆ ಸುರಿಯುತ್ತಿತ್ತು. ಎತ್ತುವುದಕ್ಕೊಂದು, ಬಿಡುವುದಕ್ಕೊಂದು. ರೋಬಾಟಿನವರು ಲಿಫ್ಟು, ಕ್ಲಾ (ಹಿಡಿದು ಬಿಡುವ ಪಂಜ) ಎಂದು ಬೇರೆ ಬೇರೆ ಹೆಸರಿಟ್ಟು ಎರಡು ಮೋಟಾರು ಕಟ್ಟುವ ಕೆಲಸವನ್ನು ಎರಡು ಹಗ್ಗ, ಎರಡು ರಾಟಿ ಮುಗಿಸುತ್ತಿದ್ದವು.

“ಎತ್ತು ಮುಂದ ನಡೆಯೋದು ಯಾರು ಕಲಸಬೇಕು? ಹುಟ್ಟಾ ಬರ್ತದ,” ಅಂದ ಮುತ್ಯಾ. “ಹಿಂದ ನಡಿಯೋದು ಕಲಸೋದ್ರಾಗ ಹೋರಿ ಮುದಿಯಾಗ್ತಿತ್ತು.” ಖಾಲಿ ಚೀಲ ಬಾವಿಗೆ ಇಳಿಯಬೇಕಾದರೆ ಎತ್ತುಗಳು ಹಿಮ್ಮುಖವಾಗಿ ಇಳಿಜಾರು ಏರಬೇಕು. ಹೆಚ್ಚು ಬೇಗ ಬಂದರೆ ಹಗ್ಗ ಸಡಿಲು, ತಡವಾದರೆ ಸಮಯ ಹಾಳು. ಕಪಲಿ ಎತ್ತಿಗೆ ಸಂತೆಯಲ್ಲಿ ಬೆಲೆ ಕಟ್ಟುವಾಗ ಮುತ್ಯಾನಂಥವರು ನೋಡುತ್ತಿದ್ದದ್ದು ಅದರ ಹಿಮ್ಮುಖದ ನಡಿಗೆಯನ್ನಂತೆ.

ಲಿಫ್ಟಿನ ಕಥೆಯಲ್ಲಿ ಏರುವುದು, ಇಳಿಯುವುದರ ನಡುವೆ ಮೂರನೆಯದೊಂದಿದೆ: ಅಲ್ಲೇ ನಿಲ್ಲುವುದು. ಏರಿದ ಲಿಫ್ಟು ಕಂಬದ ತಲೆಯ ಹತ್ತಿರ ಕೋನು ಹಿಡಿದುಕೊಂಡು ಕಾಯಬೇಕು. ಕರೆಂಟು ನಿಲ್ಲಿಸಿದರೆ ಜಾರುತ್ತದೆ. ನಿಲ್ಲಿಸದಿದ್ದರೆ ಮೋಟಾರು ತಿರುಗದೆ ಬರೀ ಒತ್ತುತ್ತ ನಿಂತು ಬಿಸಿಯಾಗುತ್ತದೆ. ಎಷ್ಟು ಸುತ್ತಾಯಿತೆಂದು ಎಣಿಸುವ ಎನ್‌ಕೋಡರ್ ನೋಡಿಕೊಂಡು, ಭಾರಕ್ಕೆ ತಕ್ಕಷ್ಟೇ ವಿದ್ಯುತ್ತು ಕೊಡುವ ಪ್ರೋಗ್ರಾಮು ಬರೆಯುವುದು ಒಂದು ಉಪಾಯ. ರಬ್ಬರಿನಿಂದಲೋ ಸ್ಪ್ರಿಂಗಿನಿಂದಲೋ ಭಾರದ ಒಂದಷ್ಟು ಪಾಲನ್ನು ಹೊರಿಸಿ ಮೋಟಾರಿನ ಹೊರೆ ಇಳಿಸುವುದು ಇನ್ನೊಂದು. ಮೋಟಾರು ತಿರುಗಿಸಿದರೆ ತಿರುಗುವ, ಭಾರ ಎಳೆದರೆ ಜಗ್ಗದ ವರ್ಮ್ ಗೇರು ಹಾಕುವುದು ಮತ್ತೊಂದು. ಆದರೆ ಅದು ನಿಧಾನಿ.

ಜಗತ್ತಿನ ಎತ್ತರದ ಕಟ್ಟಡಗಳೆಲ್ಲ ಇಂದು ನಿಂತಿರುವುದೇ ಈ ಅಲ್ಲೇ ನಿಲ್ಲುವ ವಿದ್ಯೆಯ ಮೇಲೆ. ಹಗ್ಗ ಕಟ್ಟಿ ಸಾಮಾನು ಎತ್ತುವುದು ಹಳೆಯ ವಿದ್ಯೆ. ಆದರೆ ಹಗ್ಗ ಕಡಿದರೆ ಗತಿಯೇನೆಂಬ ಭಯಕ್ಕೆ ಮನುಷ್ಯರು ಅದರಲ್ಲಿ ಕಾಲಿಡಲು ಅಂಜುತ್ತಿದ್ದರು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಎಂಬಾತ ಲಿಫ್ಟಿನ ಹಲಗೆ ಏರಿ, ಜನರೆಲ್ಲ ನೋಡುತ್ತಿರುವಾಗ ಹಗ್ಗ ಕಡಿಯಲು ಹೇಳಿದ. ಕಡಿದರು. ಹಲಗೆ ಕೆಲವೇ ಇಂಚು ಜಾರಿ ಗಕ್ಕನೆ ನಿಂತಿತು. ಹಲಗೆಯ ಮೇಲೊಂದು ಬಂಡಿಯ ಸ್ಪ್ರಿಂಗು ಇತ್ತು. ಹಗ್ಗ ಬಿಗಿಯಾಗಿರುವವರೆಗೆ ಅದು ಬಾಗಿರುತ್ತದೆ, ಹಗ್ಗ ಹೋದ ಕ್ಷಣ ನೆಟ್ಟಗಾಗಿ ಎರಡೂ ಬದಿಯ ಹಲ್ಲುಪಟ್ಟಿಗಳಿಗೆ ಕಚ್ಚಿಕೊಳ್ಳುತ್ತದೆ. ಓಟಿಸ್ ಕಂಡುಹಿಡಿದದ್ದು ಏರಿಸುವ ಯಂತ್ರವನ್ನಲ್ಲ, ಬೀಳದಿರುವ ಯಂತ್ರವನ್ನು. ಅವನ ಹೆಸರಿನ ಕಂಪನಿ ಇವತ್ತಿಗೂ ನಡೆದಿದೆ.

ಇನ್ನು ಅಣೆಕಟ್ಟುಗಳು. ನಾರಾಯಣಪುರದ ಬಸವಸಾಗರಕ್ಕೆ 30 ಗೇಟುಗಳು. ಹತ್ತಿರದ ಛಾಯಾ ಭಗವತಿ ಗುಡಿಗೆ ಹೋದವರೆಲ್ಲ ಒಮ್ಮೆ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆದರೆ ಅವುಗಳ ಬೆನ್ನು ಯಾಕೆ ಬಾಗಿದೆ ಎಂದು ಕೇಳುವವರು ಕಡಿಮೆ. ಗೇಟಿನ ಮುಖ ಒಂದು ವೃತ್ತದ ತುಂಡು. ಹಿಂದಿರುವ ಎರಡು ತೋಳುಗಳು ಆ ವೃತ್ತದ ನಡುವಿನ ಕೀಲಿಗೆ ಸೇರಿವೆ. ನೀರಿನ ಒತ್ತಡ ಯಾವಾಗಲೂ ಮುಖಕ್ಕೆ ಲಂಬವಾಗಿರುವುದರಿಂದ ಇಡೀ ಕೃಷ್ಣೆಯ ನೂಕು ಹೋಗಿ ಸೇರುವುದು ಆ ಕೀಲಿಗೇ. ಎತ್ತುವ ಮೋಟಾರಿಗೆ ನದಿಯ ಜೊತೆ ಕುಸ್ತಿಯಿಲ್ಲ; ಗೇಟಿನ ಸ್ವಂತ ತೂಕ, ಒಂದಿಷ್ಟು ತಿಕ್ಕಾಟ, ಅಷ್ಟನ್ನು ನಿಭಾಯಿಸಿದರೆ ಸಾಕು. ಭಾರವನ್ನು ಎತ್ತುವ ಮೊದಲು ಅದನ್ನು ಯಾರು ಹೊರಬೇಕು ಎಂದು ತೀರ್ಮಾನಿಸುವ ಈ ಜಾಣತನವನ್ನು ಅಣ್ಣನ ಮಗಳಿಗೆ ತೋರಿಸಲೆಂದೇ ಕರೆದುಕೊಂಡು ಹೋಗಿದ್ದೆ. ಅವಳು ಕೀಲನ್ನೂ ನೋಡಿದಳು, ಸೆಲ್ಫಿಯನ್ನೂ ತೆಗೆದಳು. ಮಾರನೆಯ ದಿನವೇ ಲಿಫ್ಟಿನ ಬುಡದಲ್ಲಿ ಎರಡು ಹೊಸ ಬೇರಿಂಗು ಬಂದವು. ಅಲ್ಲಿಯವರೆಗೆ ಮೋಟಾರಿನ ದಂಡವೇ ಎಳೆತವನ್ನೆಲ್ಲ ಹೊರುತ್ತಿತ್ತು.

ಎರಡನೆಯ ಅಣೆಕಟ್ಟು ತುಂಗಭದ್ರೆಯದು, ಹೊಸಪೇಟೆಯಲ್ಲಿರುವಂಥದು. 33 ಗೇಟು. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟಿನ ಸರಪಳಿ ಕಡಿದು, 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲು ನೀರುಪಾಲಾಯಿತು. ಕೈಕೊಟ್ಟದ್ದು ಎತ್ತುವ ಶಕ್ತಿಯಲ್ಲ, ಹಿಡಿದಿಡುವ ಸರಪಳಿ. ಆ ವಾರವಿಡೀ ನಾಡು ತಂತ್ರಜ್ಞ ಕನ್ನಯ್ಯ ನಾಯ್ಡು ಅವರ ಕಡೆ ನೋಡುತ್ತ ಕೂತಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗೇಟನ್ನು ತುಂಡು ತುಂಡಾಗಿ ಕ್ರೇನಿನಿಂದ ಇಳಿಸಿ ಕೂಡಿಸಿದರು. ಅಂದು ಕ್ರೇನು ಉಕ್ಕನ್ನು ಮೇಲೆತ್ತಿದಾಗ ಯಾರೂ ಕೂಗಲಿಲ್ಲ; ಅದು ಗೇಟಿನ ಜಾಡಿನೊಳಗೆ ಸರಿಯಾಗಿ ಇಳಿದು ಕೂತ ಮೇಲೆ ಟೀವಿ ಮುಂದಿದ್ದ ನಮ್ಮ ಓಣಿಯೂ ಸೇರಿ ಎಲ್ಲರೂ ಉಸಿರು ಬಿಟ್ಟರು. ಇಳಿಸಿದವರಿಗೆ ಸನ್ಮಾನ ಸಿಕ್ಕ ಅಪರೂಪದ ಪ್ರಸಂಗ ಅದು.

ಹುಣಸಗಿಯಲ್ಲಿ ಕೂತು ಎತ್ತುವ ಮಾತಾಡುತ್ತ ಇಸಾಂಪುರವನ್ನು ಬಿಟ್ಟರೆ ಊರಿನವರು ನನ್ನನ್ನು ಬಿಡುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ತಿರುಗಿ ಆದಿಮಾನವರ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ್ದು ಒಂದು ಕಲ್ಲಿನ ಕಾರ್ಖಾನೆ. ಪದರು ಪದರಾದ ಸುಣ್ಣಕಲ್ಲಿನ ಚಪ್ಪಡಿಗಳನ್ನು ನೆಲದಿಂದ ಎಬ್ಬಿಸಿ, ಒಡೆದು, ಕೈಗೊಡಲಿ ಮಾಡುತ್ತಿದ್ದ ಜಾಗ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ. ಹೀಗಾಗಿ ಎತ್ತುವ ಕಸುಬಿನಲ್ಲಿ ಸೀನಿಯಾರಿಟಿ ಕೇಳಿದರೆ ನಮ್ಮೂರಿಗೆ ಎದುರು ನಿಲ್ಲುವವರು ಕಡಿಮೆ. ಬಡ್ತಿ ಮಾತ್ರ ಇನ್ನೂ ಬಂದಿಲ್ಲ.

ಎತ್ತಿದ್ದನ್ನು ಇಳಿಸಿಡುವ ಮಾತಿಗೆ ಮರಳೋಣ. ಕಾಲೇಜು ಮಕ್ಕಳ ದೊಡ್ಡ ರೋಬಾಟ್ ಪಂದ್ಯ ಎಬಿಯು ರೋಬೋಕಾನ್ 2022ರಲ್ಲಿ ದೆಹಲಿಯಲ್ಲಿ ನಡೆದಾಗ ಅದಕ್ಕೆ ಇಟ್ಟ ವಿಷಯ ಲಗೋರಿ. ಹೌದು, ನಾವು ಓಣಿಯಲ್ಲಿ ಬಿಲ್ಲೆ ಪೇರಿಸಿ ಚೆಂಡಿನಿಂದ ಹೊಡೆದು ಆಡುತ್ತಿದ್ದ ಲಗೋರಿಯೇ. ಚೆಂಡೆಸೆದು ಗೋಪುರ ಕೆಡಹುವುದನ್ನು ಹೇಗಾದರೂ ಮಾಡಬಹುದು. ಬಿದ್ದ ಐದು ಬಿಲ್ಲೆಗಳನ್ನು ಒಂದರ ಮೇಲೊಂದು ಇಡುವಾಗ, ಇಟ್ಟು ಕೈ ಬಿಡುವಾಗ ಗೋಪುರ ಅಲುಗಬಾರದು. ಓಣಿಯ ಲಗೋರಿಯಲ್ಲಿ ಔಟಾದವರೆಲ್ಲ ಆ ಕೊನೆಯ ಬಿಲ್ಲೆಯಲ್ಲೇ ಔಟಾದದ್ದು. ಪವರ್ ಪ್ಲೇಯಲ್ಲೂ ಅದೇ ಕಥೆ: ಕಂಬಗಳಿಗೆ ಬುಡದಲ್ಲಿ ಸ್ಪ್ರಿಂಗು, ಮುಟ್ಟಿದರೆ ತೂಗುತ್ತವೆ.

ಈಗ ಆಯಿಯ ಪ್ರಶ್ನೆ. ಮೂರು ಅಂಕದ್ದು ಎಟುಕುವಾಗ ಐದರ ಆಸೆ ಯಾಕೆ? ಅವಳ ಮೊಮ್ಮಗಳು ಅಂದಾಜಿಗೆ ಒಂದು ಲೆಕ್ಕ ಹಾಕಿ ತೋರಿಸಿದಳು. ಗಿಡ್ಡ ಕಂಬಕ್ಕೆ ಒಂದು ಕೋನು ಇಟ್ಟು ಬರಲು 6 ಸೆಕೆಂಡು ಹಿಡಿದರೆ 2 ನಿಮಿಷಕ್ಕೆ 20 ಕೋನು, 60 ಅಂಕ. ಉದ್ದ ಕಂಬಕ್ಕೆ 10 ಸೆಕೆಂಡು ಹಿಡಿದರೆ 12 ಕೋನು, ಅದೂ 60 ಅಂಕವೇ. “ನಾ ಹೇಳಲಿಲ್ಲೇನು!” ಎಂದು ಆಯಿ ಗೆದ್ದ ನಗೆ ನಕ್ಕಳು. ಆದರೆ ಆ 10 ಸೆಕೆಂಡಿನಲ್ಲಿ ಎರಡನ್ನು ಉಳಿಸಿದರೆ 15 ಕೋನು, 75 ಅಂಕ. ಆ ಎರಡನ್ನು ಏರುವಾಗ ಉಳಿಸಲು ಬರುವುದಿಲ್ಲ, ಮೋಟಾರು ಆಗಲೇ ಪೂರ್ತಿ ದುಡಿಯುತ್ತಿರುತ್ತದೆ. ಉಳಿಸಬೇಕಾದದ್ದು ಇಳಿಯುವಾಗ. ಲಿಫ್ಟು ಮೇಲಿದ್ದಾಗ ರೋಬಾಟು ಜೋರಾಗಿ ಹೊರಳಿದರೆ ಮಗುಚುತ್ತದೆ. ಲಿಫ್ಟು ಬೇಗ ಇಳಿದಷ್ಟೂ ಅದು ಬೇಗ ಓಡಬಹುದು. ಹದಿನೈದು ಅಂಕ ಅಡಗಿದ್ದದ್ದು ಯಾರೂ ಚಪ್ಪಾಳೆ ತಟ್ಟದ ಆ ಅರ್ಧ ದಾರಿಯಲ್ಲಿ. ಆಯಿ ಒಂದು ಕ್ಷಣ ಯೋಚಿಸಿ, “ಹಂಗಾರ ಬೇಗ ಇಳಸು, ಊಟ ಆರಿ ಹೋಗ್ತದ,” ಎಂದು ಒಳಗೆ ಹೋದಳು.

ಹಬ್ಬ ಮುಗಿಯುವಷ್ಟರಲ್ಲಿ ಇಳಿಯುವ ದಾರ ಕೂತಿತು. ಪೋಣಿಸಿದ್ದು ಅವಳು, ರಾಟಿಗೆ ಜಾಗ ತೋರಿಸಿದ್ದು ಮೆಕ್ಯಾನಿಕ್, ದಾರದ ಬಿಗಿ ಪರೀಕ್ಷಿಸಿದ್ದು ಮುತ್ಯಾನ ಹೆಬ್ಬೆರಳು. ಈ ಪಂದ್ಯದಲ್ಲಿ ಯಂತ್ರದ ಜೊತೆಗೆ ಅದನ್ನು ಕಟ್ಟಿದ ಬಗೆಯ ವರದಿಯನ್ನೂ ಕೊಡಬೇಕು. ಮುಖಪುಟ ಬಿಟ್ಟು 15 ಪುಟದ ಮಿತಿ. ತಂಡದವರು ಯಾವ ತಜ್ಞರನ್ನು ಕಂಡರು, ಏನು ಕಲಿತರು ಎಂಬುದಕ್ಕೂ ಅಲ್ಲಿ ಜಾಗವಿದೆ. ಮುಂದೆ ಅವಳು ಫೋನಿನಲ್ಲಿ ಆ ಭಾಗವನ್ನು ಓದಿ ಹೇಳಿದಳು: ಒಬ್ಬ ಹೈಡ್ರಾಲಿಕ್ಸ್ ತಜ್ಞರು, ಒಬ್ಬ ಪಾರಂಪರಿಕ ನೀರೆತ್ತುವ ತಂತ್ರದ ತಜ್ಞರು, ಹುಣಸಗಿ. ನಾನು ಗ್ಯಾರೇಜಿಗೆ ಹೋಗಿ ತಜ್ಞರಿಗೆ ಸುದ್ದಿ ಮುಟ್ಟಿಸಿದೆ. ಅವರು ಟ್ರ್ಯಾಕ್ಟರಿನ ಕೆಳಗಿನಿಂದಲೇ ಕೇಳಿದರು:

“ತಜ್ಞರಿಗೆ ಫೀ ಏನಾರ ಅದ ಏನ್ರಿ?”

“ಇಲ್ಲಪ್ಪ.”

“ಹೋಗ್ಲಿ ಬಿಡ್ರಿ. ಪಂದ್ಯ ಮುಗಿದ ಮ್ಯಾಲ ಆ ಚಾನಲ್ ಒಂದು ಜೋಡಿ ಕಳಸು ಅನ್ರಿ. ನಮ್ಮ ಗಲ್ಲಾದ ಡ್ರಾಯರ್ ಅರ್ಧಕ್ಕ ಸಿಕ್ಕೊಂಡು ಭಾಳ ದಿನ ಆಗ್ಯಾವ.”